ನಾಸ್ತಿಕರಿಗೆ ಭಕ್ತರು ಬೇಕೇ?

ಕೇಳುಗರೆಲ್ಲರಿಗೂ ನಮಸ್ಕಾರ.

ದೇವರಿಲ್ಲ ಎಂದು ಹೇಳಿ ಹೆಸರಾದವರ ಬಗ್ಗೆ ಇವತ್ತು ಮಾತಾಡುತ್ತೇನೆ. ದೇವರು ಇದ್ದಾನೋ ಇಲ್ಲವೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ನನ್ನ ಪ್ರಶ್ನೆ ಬೇರೆ. ಇಂಥವರ ಮಾತಿಗೆ ಎಷ್ಟೋ ಜನ ಕಿವಿಗೊಡುತ್ತಾರೆ. ಕೆಲವರಂತೂ ಗುರುವಿನ ಹಿಂದೆ ಶಿಷ್ಯರು ಹೋದಂತೆ ಹೋಗುತ್ತಾರೆ. ಅಷ್ಟು ಗೌರವಕ್ಕೆ ಅವರು ಯೋಗ್ಯರೇ?

ಕೆಲವರು ಯೋಗ್ಯರು ಎಂದೇ ನನ್ನ ಅಭಿಪ್ರಾಯ. ಆದರೆ ಒಬ್ಬರು ಮಾಡಿದ ಕೆಲಸ ಎಲ್ಲಿಯವರೆಗೆ ಹೋಗುತ್ತದೋ ಅವರ ಮಾತಿನ ತೂಕವೂ ಅಲ್ಲಿಯವರೆಗೆ ಮಾತ್ರ ಹೋಗಬೇಕು. ಅದರಾಚೆಗೆ ಹೋದರೆ ಅಲ್ಲಿ ಭಕ್ತಿ ಶುರುವಾಗುತ್ತದೆ.

2007ರಲ್ಲಿ ರಿಚರ್ಡ್ ಡಾಕಿನ್ಸ್, ಡೇನಿಯಲ್ ಡೆನೆಟ್, ಸ್ಯಾಮ್ ಹ್ಯಾರಿಸ್, ಕ್ರಿಸ್ಟೋಫರ್ ಹಿಚೆನ್ಸ್ ಈ ನಾಲ್ವರು ನಾಸ್ತಿಕ ಲೇಖಕರು ಒಂದು ಮೇಜಿನ ಸುತ್ತ ಕೂತು ಧರ್ಮದ ಬಗ್ಗೆ ಮಾತಾಡಿದರು. ಆ ಮಾತುಕತೆಯ ವಿಡಿಯೊ ಜಗತ್ತೆಲ್ಲ ಸುತ್ತಿತು. ಡಾಕಿನ್ಸ್ ಪ್ರಾಣಿಶಾಸ್ತ್ರ ಓದಿದವರು. ಜೀವವಿಕಾಸದ ಬಗ್ಗೆ ಅವರು ಹೇಳಿದರೆ ನಾನು ಗಮನವಿಟ್ಟು ಕೇಳುತ್ತೇನೆ. ಹಿಚೆನ್ಸ್ ಪತ್ರಕರ್ತ, ಮಾತಿನಲ್ಲಿ ಅವರನ್ನು ಸೋಲಿಸುವುದು ಬಹಳ ಕಷ್ಟವಾಗಿತ್ತು. ದೇವರಿದ್ದಾನೆ ಎನ್ನುವವರ ಹತ್ತಿರ ಪುರಾವೆ ಕೇಳಿದ ಇದೇ ಹಿಚೆನ್ಸ್, 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧಕ್ಕೆ ಹೋದಾಗ ಗಟ್ಟಿಯಾಗಿ ಬೆಂಬಲಿಸಿದರು. ಇರಾಕಿನಲ್ಲಿವೆ ಎಂದು ಅಮೆರಿಕ ಹೇಳಿದ್ದ ಭೀಕರ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಆದರೂ 2011ರಲ್ಲಿ ತೀರಿಕೊಳ್ಳುವವರೆಗೆ ಅವರು ಆ ನಿಲುವು ಬಿಡಲಿಲ್ಲ. ಹಳೆಯ ಗೆಳೆಯರು ಕೆಲವರು ಅವರಿಂದ ದೂರವಾದರು. ಧರ್ಮದ ವಿಷಯದಲ್ಲಿ ಅಷ್ಟು ಚೆನ್ನಾಗಿ ವಾದ ಮಾಡುವವರು ಯುದ್ಧದ ವಿಷಯದಲ್ಲೂ ಸರಿಯೇ ಇರಬೇಕು ಎಂದು ನಂಬಿದ ಅಭಿಮಾನಿಗಳೂ ಇದ್ದರು. ಆ ನಂಬಿಕೆಗೆ ಆಧಾರ ಏನು? ಮಾತಿನ ಚಮತ್ಕಾರ, ಅಷ್ಟೇ ಅಲ್ವಾ?

ಈಗ ನಮ್ಮ ಹತ್ತಿರದ ಒಂದು ಊರಿಗೆ ಬರೋಣ. ಆಂಧ್ರದ ವಿಜಯವಾಡದಲ್ಲಿ ನಾಸ್ತಿಕ ಕೇಂದ್ರ ಎಂಬ ಸಂಸ್ಥೆ ಇದೆ. ಅದನ್ನು ಕಟ್ಟಿದವರು ಗೋಪರಾಜು ರಾಮಚಂದ್ರ ರಾವ್. ಜನ ಅವರನ್ನು ಗೋರಾ ಎಂದೇ ಕರೆಯುತ್ತಿದ್ದರು. 1902ರಲ್ಲಿ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದವರು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಜನಿವಾರ ಹಾಕುವುದಿಲ್ಲ ಎಂದದ್ದಕ್ಕೆ ಹೆತ್ತವರ ಮನೆ ಬಿಡಬೇಕಾಯಿತು. ದೇವರನ್ನು ಒಪ್ಪುವುದಿಲ್ಲ ಎಂದದ್ದಕ್ಕೆ ಕಾಕಿನಾಡದಲ್ಲಿ ಕೆಲಸ ಹೋಯಿತು. ಹೆಂಡತಿ ಸರಸ್ವತಿಯವರೂ ಅಷ್ಟೇ ಗಟ್ಟಿ ಹೆಣ್ಣುಮಗಳು. ಬಸುರಿಯರು ಗ್ರಹಣದ ಹೊತ್ತಿನಲ್ಲಿ ಹೊರಗೆ ಬರಬಾರದು ಎನ್ನುತ್ತಾರಲ್ಲ, ಆಕೆ ಬಸುರಿಯಾಗಿದ್ದಾಗಲೇ ಗ್ರಹಣದಲ್ಲಿ ಹೊರಗೆ ಬಂದರು. ಮುಂದೆ ಕರ್ನಾಟಕ ಸರ್ಕಾರ ಇದೇ ಸರಸ್ವತಿಯವರಿಗೆ ಬಸವ ಪುರಸ್ಕಾರ ಕೊಟ್ಟು ಗೌರವಿಸಿತು. ಕೂಡಲಸಂಗಮನನ್ನು ನೆನೆಯದೆ ವಚನ ಮುಗಿಸದ ಬಸವಣ್ಣನವರ ಹೆಸರಿನ ಪ್ರಶಸ್ತಿ ಒಬ್ಬ ನಾಸ್ತಿಕ ಹೆಣ್ಣುಮಗಳಿಗೆ ಸಂದಿತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

1940ರಲ್ಲಿ ಗಂಡ ಹೆಂಡತಿ ಇಬ್ಬರೂ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ಈ ಕೇಂದ್ರವನ್ನು ಶುರು ಮಾಡಿದರು, ವಿಜಯವಾಡಕ್ಕೆ ಅದು ಬಂದದ್ದು ಆಮೇಲೆ. ಮುದುನೂರಿನಲ್ಲಿ ಅವರು ದೇವರ ಬಗ್ಗೆ ಭಾಷಣ ಮಾಡಿದ್ದಕ್ಕಿಂತ ಜಾಸ್ತಿ ಮಾಡಿದ್ದು ಅಸ್ಪೃಶ್ಯತೆಯ ವಿರುದ್ಧದ ಕೆಲಸ. ಎಲ್ಲ ಜಾತಿಯವರನ್ನೂ ಒಟ್ಟಿಗೆ ಕೂರಿಸಿ ಊಟ ಹಾಕುವುದು, ದೊಡ್ಡವರಿಗೆ ಅಕ್ಷರ ಕಲಿಸುವುದು, ಇಂಥವು. ಮನುಷ್ಯನ ಹಣೆಬರಹ ಯಾರೂ ಮೇಲಿಂದ ಬರೆದದ್ದಲ್ಲ ಅಂದಮೇಲೆ ದಲಿತನ ಪಾಡು ಕೂಡ ಯಾರೋ ಬರೆದದ್ದಲ್ಲ, ಅದನ್ನು ಬದಲಾಯಿಸಬಹುದು ಎಂಬುದು ಗೋರಾ ಅವರ ತರ್ಕ.

ಈ ಕೆಲಸ ಹಿಡಿದುಕೊಂಡೇ ಅವರು ಸೇವಾಗ್ರಾಮಕ್ಕೆ, ಗಾಂಧೀಜಿ ಹತ್ತಿರ ಹೋದರು. ಗಾಂಧೀಜಿಗೆ ರಾಮನಾಮವೇ ಉಸಿರು. ಗೋರಾಗೆ ರಾಮನೇ ಬೇಡ. ಇಬ್ಬರೂ ದೇವರ ವಿಷಯದಲ್ಲಿ ಕೊನೆಗೂ ಒಪ್ಪಲಿಲ್ಲ. ಹಾಗಿದ್ದರೂ ಗಾಂಧೀಜಿ ಅವರ ಕೆಲಸವನ್ನು ನೋಡಿದರು, ಕುಟುಂಬವನ್ನೇ ಆಶ್ರಮಕ್ಕೆ ಕರೆಸಿಕೊಂಡರು. ಗೋರಾ ಅವರ ಹಿರಿಯ ಮಗಳು ಮನೋರಮಾ ಒಬ್ಬ ದಲಿತ ಯುವಕನನ್ನು ಮದುವೆಯಾಗಲು ಒಪ್ಪಿದಾಗ, ಗಾಂಧೀಜಿ ಆಶ್ರಮದಲ್ಲೇ ಮದುವೆ ಮಾಡಿಸುತ್ತೇನೆ ಎಂದರು. ಪ್ರತಿಜ್ಞೆಯಲ್ಲಿ ದೇವರ ಹೆಸರು ಬರುವ ಕಡೆ ಸತ್ಯ ಎಂದು ಹೇಳಿಸಲೂ ಒಪ್ಪಿದರು. ಅಷ್ಟರಲ್ಲಿ 1948ರ ಜನವರಿಯಲ್ಲಿ ಗಾಂಧೀಜಿಯ ಕೊಲೆಯಾಯಿತು. ಮದುವೆ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲೇ ನಡೆಯಿತು.

ಒಬ್ಬ ದೈವಭಕ್ತ ಒಬ್ಬ ನಾಸ್ತಿಕನನ್ನು ಅಳೆದದ್ದು ಹೀಗೆ. ವಾದದಲ್ಲಿ ಯಾರು ಗೆದ್ದರು ಎಂದು ಅವರು ಲೆಕ್ಕ ಇಡಲಿಲ್ಲ. ಹಳ್ಳಿಯಲ್ಲಿ ಏನು ಬದಲಾಯಿತು ಎಂದು ಕೇಳಿದರು. ನಾವೂ ಅದನ್ನೇ ಕೇಳಬೇಕು ಎನ್ನುತ್ತೇನೆ. ಇನ್ನೊಂದು ವಿಷಯ. ಗೋರಾ ಪಕ್ಷಗಳೇ ಇಲ್ಲದ ಪ್ರಜಾಪ್ರಭುತ್ವ ಬೇಕು ಎನ್ನುತ್ತಿದ್ದರು. ಅದಕ್ಕಾಗಿ 1952ರಲ್ಲಿ ಚುನಾವಣೆಗೂ ನಿಂತರು, ಸೋತರು. ಅವರ ಸಮಾಜಸೇವೆಯನ್ನು ಮೆಚ್ಚಿದ ಜನ ಅವರ ರಾಜಕೀಯವನ್ನು ಮೆಚ್ಚಲಿಲ್ಲ. ನನ್ನ ಪ್ರಕಾರ ಆ ಮತದಾರರು ಗೋರಾಗೆ ಅವಮಾನ ಮಾಡಲಿಲ್ಲ. ಒಂದು ಕೆಲಸಕ್ಕೆ ಕೊಟ್ಟ ಗೌರವವನ್ನು ಇನ್ನೊಂದಕ್ಕೆ ಸುಮ್ನೆ ದಾಟಿಸಲಿಲ್ಲ, ಅಷ್ಟೆ.

ಕರ್ನಾಟಕದಲ್ಲಿ ಈ ಮಾತು ಬಂದರೆ ಎಚ್. ನರಸಿಂಹಯ್ಯನವರನ್ನು ಬಿಡುವಂತಿಲ್ಲ. ಗೌರಿಬಿದನೂರು ಕಡೆಯ ಹೊಸೂರಿನ ಬಡ ಹುಡುಗ, ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಬಂದು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಬಾಳಿದವರು. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಪಂಚೆ, ಜುಬ್ಬ, ಗಾಂಧಿ ಟೋಪಿ. ಎಚ್ಚೆನ್ ಎಂದರೆ ಇವತ್ತಿಗೂ ಜನ ಕೈಮುಗಿಯುವುದು ಈ ಸರಳತೆಗೆ. ಇಲ್ಲಿ ನನಗೆ ಸ್ವಲ್ಪ ತಕರಾರಿದೆ. ಸರಳವಾಗಿ ಬದುಕುವ ಸನ್ಯಾಸಿಗಳೂ ಇದ್ದಾರೆ. ಒಂದೇ ಕೋಣೆಯಲ್ಲಿ ಇದ್ದಾರೆ ಎಂಬ ಕಾರಣಕ್ಕೆ ಯಾರ ಮಾತೂ ನಿಜವಾಗುವುದಿಲ್ಲ.

ಎಚ್ಚೆನ್ ಗೌರವಕ್ಕೆ ಯೋಗ್ಯರಾದದ್ದು 1976ರಲ್ಲಿ ಮಾಡಿದ ಕೆಲಸಕ್ಕೆ. ಆಗ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದು, ಬರಿಗೈಯಿಂದ ವಸ್ತು ಬರಿಸುವುದನ್ನು ನಮ್ಮ ಮುಂದೆ ತೋರಿಸಿ ಎಂದು ಕೇಳಿದರು. ಬಾಬಾ ಪರೀಕ್ಷೆಗೆ ಒಪ್ಪಲಿಲ್ಲ. ಜನರ ನಂಬಿಕೆಯಲ್ಲಿ ವಿಶ್ವವಿದ್ಯಾಲಯಕ್ಕೇನು ಕೆಲಸ ಎಂದು ಆಗ ಅನೇಕರು ಸಿಟ್ಟಾದರು. ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ಭಜನೆ ಮಾಡುವವರನ್ನು ವಿಶ್ವವಿದ್ಯಾಲಯ ಪರೀಕ್ಷಿಸಲು ಹೋದರೆ ತಪ್ಪು. ಗಾಳಿಯಿಂದ ಉಂಗುರ ಬಂತು ಎನ್ನುವುದು ಬೇರೆ. ಅದು ವಸ್ತುವಿನ ಬಗ್ಗೆ ಹೇಳಿದ ಮಾತು. ವಸ್ತುವಿನ ಬಗ್ಗೆ ಭೌತಶಾಸ್ತ್ರದ ಮೇಷ್ಟ್ರು ಕೇಳದೆ ಇನ್ಯಾರು ಕೇಳಬೇಕು? ನನ್ನನ್ನು ನಂಬಿ ಎಂದು ಎಚ್ಚೆನ್ ಹೇಳಲಿಲ್ಲ. ಎಲ್ಲರ ಎದುರು ನೋಡೋಣ ಬನ್ನಿ ಎಂದರು. ಅವರ ತೂಕ ಇರುವುದು ಅಲ್ಲಿ.

ಅದೇ ಸಮಿತಿ ಪಾಂಡವಪುರಕ್ಕೂ ಹೋಗಿತ್ತು. ಅಲ್ಲಿ ಒಬ್ಬ ಪುಟ್ಟ ಹುಡುಗ ವಿಭೂತಿ ಬರಿಸುತ್ತಾನೆ ಎಂದು ಜನ ಸೇರುತ್ತಿದ್ದರು. ವಿಭೂತಿ ಅವನ ಬಟ್ಟೆಯೊಳಗೇ ಇತ್ತು ಎಂದು ಸಮಿತಿ ಪತ್ತೆಮಾಡಿತು. ಪತ್ತೆ ಸರಿಯೇ. ಆದರೆ ಆ ಸುದ್ದಿ ಊರೆಲ್ಲ ಹರಡಿದಾಗ ಮೋಸಗಾರ ಎನಿಸಿಕೊಂಡಿದ್ದು ಒಂದು ಮಗು. ಮೋಸ ಆ ಮಗುವಿನದಾಗಿತ್ತೇ? ಅದರ ಕೈಗೆ ವಿಭೂತಿ ಕೊಟ್ಟು ಕೂರಿಸಿದ ದೊಡ್ಡವರನ್ನು ಮುಂದೆ ನಿಲ್ಲಿಸಿ, ಮಗುವನ್ನು ಮರೆಯಲ್ಲಿ ಇಡಬೇಕಿತ್ತು ಎಂದು ನನಗೆ ಬಲವಾಗಿ ಅನಿಸುತ್ತದೆ. ಎಚ್ಚೆನ್ ಅವರನ್ನು ಬಹಳ ಗೌರವಿಸುವ ಗೆಳೆಯರ ಮುಂದೆಯೂ ಈ ಮಾತನ್ನು ಹೇಳಿದ್ದೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಜಗಳಕ್ಕೆ ಬರುತ್ತಾರೆ. ಜಗಳಕ್ಕೆ ಬಂದವರ ಜೊತೆ ಕೂತು ಇನ್ನೂ ಮಾತಾಡುತ್ತಲೇ ಇದ್ದೇನೆ.

ನಮಸ್ಕಾರ.