ಒಂದೇ ಮನೆ, ನಾಲ್ಕು ಪುಸ್ತಕ: ಆತ್ಮಕಥೆಗಳನ್ನು ಜೋಡಿಯಾಗಿ ಓದಿ ನೋಡಿ

ನಮಸ್ಕಾರ. ಆತ್ಮಕಥೆ ಓದುವಾಗ ಬರೆದವರ ಮಾತನ್ನು ನಾವು ಹಾಗೇ ನಂಬಿಬಿಡುತ್ತೇವೆ. ಅವರ ಬದುಕು ಅವರಿಗೇ ತಾನೇ ಗೊತ್ತಿರೋದು? ಆದರೆ ಅದೇ ಮನೆಯಲ್ಲಿದ್ದ ಇನ್ನೊಬ್ಬರೂ ಪುಸ್ತಕ ಬರೆದಿದ್ದರೆ ಅದನ್ನೂ ಜೊತೆಗಿಟ್ಟುಕೊಂಡು ಓದಬೇಕು. ಇದಕ್ಕೆ ಕುವೆಂಪು ಅವರ ಮನೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

(ತೆರೆಯ ಮೇಲೆ: ನಾಲ್ಕು ಮುಖಪುಟಗಳು)

ಅಪ್ಪ ಬರೆದದ್ದು ‘ನೆನಪಿನ ದೋಣಿಯಲ್ಲಿ’. ಮಗ ತೇಜಸ್ವಿಯವರದು ‘ಅಣ್ಣನ ನೆನಪು’. ಮಗಳು ತಾರಿಣಿಯವರದು ‘ಮಗಳು ಕಂಡ ಕುವೆಂಪು’. ಸೊಸೆ ರಾಜೇಶ್ವರಿಯವರದು ‘ನನ್ನ ತೇಜಸ್ವಿ’.

ಮೊದಲು ಅಪ್ಪನದು. ಅದು 1924. ಮೈಸೂರಿನಲ್ಲಿ ಓದುತ್ತಿದ್ದ ಹುಡುಗ ಪುಟ್ಟಪ್ಪ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹತ್ತಿರ ಹೋಗುತ್ತಾನೆ. ಭೇಷ್ ಅನ್ನಿಸಿಕೊಳ್ಳುವ ಆಸೆ. ಕಸಿನ್ಸ್ ಓದಿ ನೋಡಿ, ನಿನ್ನ ಭಾಷೆಯಲ್ಲಿ ಏನಾದರೂ ಬರೆದಿದ್ದೀಯಾ ಅಂತ ಕೇಳಿಬಿಡುತ್ತಾರೆ. ಹುಡುಗನಿಗೆ ನಿರಾಸೆ. ಕನ್ನಡದಲ್ಲಿ ಛಂದಸ್ಸಿಗೆ ಅಷ್ಟು ವೈವಿಧ್ಯ ಇಲ್ಲ ಅಂತ ವಾದವನ್ನೂ ಮಾಡುತ್ತಾನೆ. ಮುಂದೆ ಮಹಾಕಾವ್ಯ ಬರೆದವನು ಇವನೇ!

ಈ ಪುಸ್ತಕ ಬಂದದ್ದು 1980ರಲ್ಲಿ. ಕಸಿನ್ಸ್ ಭೇಟಿಯಾಗಿ 56 ವರ್ಷ ಕಳೆದ ಮೇಲೆ. ಕುವೆಂಪು ತಮ್ಮ ಹಳೆಯ ದಿನಚರಿಯ ಸಾಲುಗಳನ್ನು ಪುಸ್ತಕದಲ್ಲಿ ಅಲ್ಲಲ್ಲಿ ಕೊಡುತ್ತಾರೆ. ಯಾವುದು ಅಂದೇ ಬರೆದದ್ದು, ಯಾವುದು ವಯಸ್ಸಾದ ಮೇಲೆ ನೆನೆದು ಹೇಳಿದ್ದು ಅಂತ ಗಮನಿಸಿ. ಎರಡರ ದನಿಯೇ ಬೇರೆ.

ಮಗನ ಪುಸ್ತಕಕ್ಕೆ ಬಂದರೆ ಮಹಾಕವಿ ಹಿಂದೆ ಸರಿದು, ಮಕ್ಕಳು ‘ಅಣ್ಣ’ ಅಂತ ಕರೆಯುವ ಅಪ್ಪ ಮುಂದೆ ಬರುತ್ತಾರೆ. ಪುಸ್ತಕದಲ್ಲಿ ತೇಜಸ್ವಿ ತಮ್ಮ ಗೆಳೆಯರು, ಸಂಗೀತದ ಹುಚ್ಚು, ಸಮಾಜವಾದಿ ಓಡಾಟಗಳ ಬಗ್ಗೆಯೂ ಜಾಸ್ತಿನೇ ಬರೆದಿದ್ದಾರೆ. ಅಪ್ಪನ ಬಗ್ಗೆ ಬರೆದ ಪುಸ್ತಕದಲ್ಲಿ ಇದೆಲ್ಲ ಯಾಕೆ ಅನ್ನಿಸಬಹುದು. ನನಗಂತೂ ಅದೇ ಇಷ್ಟ. ಮಗನನ್ನು ಅವನ ಪಾಡಿಗೆ ಬೆಳೆಯಲು ಬಿಟ್ಟ ಅಪ್ಪ ಅಲ್ಲೇ ಕಾಣುವುದು. ಇದನ್ನು ಕುವೆಂಪು ತಾವೇ ಬರೆದುಕೊಂಡಿದ್ದರೆ ಚೆನ್ನಾಗಿರುತ್ತಿರಲಿಲ್ಲ, ಅಲ್ವಾ?

ಇನ್ನು ರಾಜೇಶ್ವರಿ. 1966ರಲ್ಲಿ ಪುರೋಹಿತರಿಲ್ಲದೆ, ಮಂತ್ರಮಾಂಗಲ್ಯ ಅಂತ ಕುವೆಂಪು ರೂಪಿಸಿದ ಸರಳ ರೀತಿಯಲ್ಲಿ ತೇಜಸ್ವಿಯವರ ಜೊತೆ ಮದುವೆ. ಆಮೇಲೆ ಮೂಡಿಗೆರೆಯ ತೋಟದ ಬದುಕು. ತೇಜಸ್ವಿ ಬರೆದ ಕಾಡು, ಹಕ್ಕಿಗಳು ನಮಗೆಲ್ಲ ಗೊತ್ತು. ಆ ಮನೆಯೊಳಗಿನ ದಿನಗಳು ಗೊತ್ತಾಗುವುದು ಇವರಿಂದ.

ಇಂಥದೇ ಇನ್ನೊಂದು ಜೋಡಿ: ಲಂಕೇಶರ ‘ಹುಳಿಮಾವಿನ ಮರ’ ಮತ್ತು ಇಂದಿರಾ ಲಂಕೇಶರ ‘ಹುಳಿಮಾವು ಮತ್ತು ನಾನು’. ಗಂಡನದು ಓದಿ ಹೆಂಡತಿಯದನ್ನು ಬಿಟ್ಟರೆ ಅರ್ಧ ಓದಿದಂತೆ.

(ತೆರೆಯ ಮೇಲೆ: ‘ಊರುಕೇರಿ’)

ಆದರೆ ಎಲ್ಲ ಮನೆಯಲ್ಲೂ ನಾಲ್ಕು ಜನ ಬರೆಯುವವರು ಇರುವುದಿಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭದಲ್ಲೇ ಒಂದು ದೃಶ್ಯ ಇದೆ. ಹೊಲದಲ್ಲಿ ಇಬ್ಬರು ಹೆಗಲ ಮೇಲೆ ನೊಗ ಹೊತ್ತಿದ್ದಾರೆ. ಹಿಂದೆ ಒಬ್ಬ ಉಳುತ್ತಿದ್ದಾನೆ. ಎತ್ತುಗಳ ಜಾಗದಲ್ಲಿ ಮನುಷ್ಯರು. ಅವರಲ್ಲಿ ಒಬ್ಬರು, ನೋಡುತ್ತಿರುವ ಹುಡುಗನ ಅಪ್ಪ.

ಆ ಅಪ್ಪ ಆತ್ಮಕಥೆ ಬರೆಯಲಿಲ್ಲ. ನೊಗ ಹೊತ್ತಾಗ ಅವರಿಗೆ ಏನನ್ನಿಸಿತು ಅಂತ ಹೇಳುವ ಪುಸ್ತಕ ಇಲ್ಲ. ಆಗ ಬೇರೆ ಮನೆಯ ಪುಸ್ತಕವನ್ನು ಜೋಡಿ ಮಾಡಿಕೊಳ್ಳಿ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, 1994ರದು. ‘ಊರುಕೇರಿ’ಯಂತೆ ಅದೂ ದಲಿತ ಲೇಖಕರೊಬ್ಬರ ಆತ್ಮಕಥೆ. ಅದು ಬಿಜಾಪುರದ ಕಡೆಯದು, ‘ಊರುಕೇರಿ’ ಮಾಗಡಿ ಸೀಮೆಯದು. ಸಿದ್ಧಲಿಂಗಯ್ಯ ನಗಿಸುತ್ತಲೇ ನೋವನ್ನು ಹೇಳುತ್ತಾರೆ, ಮಾಲಗತ್ತಿ ನೇರವಾಗಿ ಕೇಳಿಬಿಡುತ್ತಾರೆ. ‘ಊರುಕೇರಿ’ಯಿಂದಲೇ ಶುರು ಮಾಡಿ. ಮುಗಿದ ಕೂಡಲೇ, ತಡ ಮಾಡದೆ, ಇನ್ನೊಂದನ್ನು ಕೈಗೆತ್ತಿಕೊಳ್ಳಿ.