ಬೆಂಗಳೂರಿಗಿಂತ ಮೊದಲು ನಮ್ಮ ಹಳ್ಳಿಗೆ ಬಂದ ಟಿವಿ

ಕೇಳುಗರಿಗೆ ನಮಸ್ಕಾರ.

ಕರ್ನಾಟಕಕ್ಕೆ ಟಿವಿ ಯಾವಾಗ ಬಂತು ಅಂತ ಕೇಳಿದರೆ ಬಹಳ ಮಂದಿ 1981ರ ನವೆಂಬರ್ 1 ಅಂತಾರೆ. ಬೆಂಗಳೂರು ದೂರದರ್ಶನ ಶುರುವಾದ ದಿನ ಅದು. ಆದರೆ ಅದಕ್ಕೂ ಆರು ವರ್ಷ ಮೊದಲೇ ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಜನ ಕನ್ನಡ ಕಾರ್ಯಕ್ರಮ ನೋಡಿದ್ದರು. ರಾಜಧಾನಿಗಿಂತ ಮೊದಲು! ನಾಡಿನ ಟಿವಿ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಮಾತು.

ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ಮುಟ್ಟಿಸುವ ಪ್ರಯೋಗ ಅದು. ಇಂಗ್ಲಿಷಿನ 'ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್' ಅನ್ನುವುದನ್ನು ಚಿಕ್ಕದು ಮಾಡಿ 'ಸೈಟ್' ಅಂತ ಕರೆಯುತ್ತಿದ್ದರು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ. ಇದರ ಹಿಂದೆ ನಮ್ಮ ದೇಶದ ಬಾಹ್ಯಾಕಾಶ ಕೆಲಸಕ್ಕೆ ಅಡಿಪಾಯ ಹಾಕಿದ ವಿಜ್ಞಾನಿ ವಿಕ್ರಮ್ ಸಾರಾಭಾಯಿ ಅವರ ಕನಸಿತ್ತು. ಅವರು 1971ರಲ್ಲೇ ತೀರಿಕೊಂಡರು, ಕಣ್ಣಾರೆ ನೋಡಲು ಆಗಲಿಲ್ಲ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದ್ದರು. ಹಿಂದುಳಿದ ಜಿಲ್ಲೆಗಳನ್ನೇ ಬೇಕಂತಲೇ ನೋಡಿ ಆರಿಸಿದ್ದರು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು. ಕೊಪ್ಪಳ ಆಗ ರಾಯಚೂರಿನೊಳಗೇ ಇತ್ತು.

ಊರಿನ ಶಾಲೆಯೋ ಪಂಚಾಯಿತಿಯೋ, ಎಲ್ಲರೂ ಬರುವಂಥ ಕಟ್ಟಡದಲ್ಲಿ ಸೆಟ್ ಇಡುತ್ತಿದ್ದರು. ಕಪ್ಪು ಬಿಳುಪು ಟಿವಿ, ಹೈದರಾಬಾದಿನ ಇಸಿಐಎಲ್ ಅನ್ನುವ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ತಯಾರಾದದ್ದು. ಹೊರಗೆ ಸುಮಾರು 10 ಅಡಿ ಅಗಲದ ಆಂಟೆನಾ. ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿ ಇದೆಯಲ್ವಾ, ಅದರಿಂದಲೇ ಮಾಡಿದ್ದು. ಖರ್ಚು ಕಡಿಮೆ, ಗಾಳಿ ಬೀಸಿದರೆ ಜಾಲರಿಯೊಳಗೆ ನುಸುಳಿ ಹೋಗುತ್ತದೆ. ಉಪಗ್ರಹ ನಿಂತಿದ್ದು ಆಫ್ರಿಕಾದ ನೆತ್ತಿಯ ಮೇಲೆ. ಹಾಗಾಗಿ ನಮ್ಮ ಕಡೆ ಆಂಟೆನಾ ಪಡುವಣಕ್ಕೆ ಮುಖ ಮಾಡಿರುತ್ತಿತ್ತು.

ನನಗೆ ಬಹಳ ಹಿಡಿಸುವ ಸಂಗತಿ ಇನ್ನೊಂದಿದೆ. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸಬಲ್ಲದಾಗಿತ್ತು. ಹಾಗಾಗಿ ಒಂದೇ ಚಿತ್ರಕ್ಕೆ ಇಲ್ಲಿ ಕನ್ನಡ, ಕೃಷ್ಣೆ ದಾಟಿದರೆ ಮೆಹಬೂಬ್‌ನಗರದಲ್ಲಿ ತೆಲುಗು. ಎರಡೂ ಭಾಷೆಯ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲೇ. ಸಂತೆಯಲ್ಲಿ ಎರಡೂ ಭಾಷೆ ಕೇಳುವ ಗಡಿ ಜನ ನಾವು. ನಮ್ಮ ಬದುಕಿಗೆ ಇಷ್ಟು ಒಪ್ಪುವ ಏರ್ಪಾಡು ಆಮೇಲೆ ಯಾವ ಚಾನೆಲ್ಲಿನಲ್ಲೂ ನಾನು ಕಂಡಿಲ್ಲ.

ಬೆಳಗ್ಗೆ ಶಾಲೆ ಮಕ್ಕಳಿಗೆ ಪಾಠ. ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗೆ ಹಂಚಿದ್ದರಿಂದ ಕನ್ನಡದ ಪಾಲಿಗೆ ಬಂದದ್ದು 22 ನಿಮಿಷ 30 ಸೆಕೆಂಡು. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಜೊತೆಗೆ ಹಾಡು, ಕುಣಿತ. ಶಾಲೆಗೆ ರಜೆ ಇದ್ದಾಗ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ. ಹಿಂದಿಯ ವಾರ್ತೆಯೂ ಇರುತ್ತಿತ್ತು. ಅದು ನಮ್ಮ ರೈತರಿಗೆ ಎಷ್ಟು ಉಪಯೋಗಕ್ಕೆ ಬಂತೋ, ಆ ಹೊತ್ತನ್ನೂ ಕನ್ನಡಕ್ಕೇ ಕೊಡಬಹುದಿತ್ತು.

ವರ್ಷ ಮುಗಿಯಿತು, ಉಪಗ್ರಹವನ್ನು ವಾಪಸ್ ಕರೆಸಿಕೊಂಡರು. 1977ರ ಸೆಪ್ಟೆಂಬರ್ 3ರಂದು ಗುಲ್ಬರ್ಗದಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಶುರುವಾಯಿತು. ರಾಜ್ಯದಲ್ಲಿ ಅದೇ ಮೊದಲು. ನಮ್ಮ ಭಾಗಕ್ಕೆ ಅದು ಹೆಮ್ಮೆಯ ವಿಷಯವೇ. ಆದರೆ ನೆಲದ ಮೇಲಿನ ಟವರಿನ ಅಲೆ ಉಪಗ್ರಹದಷ್ಟು ದೂರ ಬರುವುದಿಲ್ಲ. ಗಂಗಾವತಿ, ಕುಷ್ಟಗಿ, ಸಿಂಧನೂರು ಕಡೆಯ ಹಳ್ಳಿಗಳಿಗೆ ಅದು ಎಟುಕಲಿಲ್ಲ. ಒಂದು ವರ್ಷ ಟಿವಿ ನೋಡಿದ ಜನ ಮತ್ತೆ ಎಷ್ಟೋ ವರ್ಷ ಸುಮ್ನೆ ಕಾಯಬೇಕಾಯಿತು. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಆಗ ಶಾಲೆಯಲ್ಲಿ ಚಾಪೆ ಮೇಲೆ ಕೂತು ನೋಡಿದ ಹುಡುಗರಿಗೆ ಈಗ ಅರವತ್ತರ ಆಸುಪಾಸು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥವರಿದ್ದರೆ ಕೂರಿಸಿ ಕೇಳಿ. ಸೆಟ್ ಯಾವ ಕೋಣೆಯಲ್ಲಿತ್ತು? ಕೀಲಿ ಯಾರ ಹತ್ತಿರ ಇರುತ್ತಿತ್ತು? ಹೆಣ್ಣುಮಕ್ಕಳು ಬಂದು ಕೂರುತ್ತಿದ್ದರಾ? ದಲಿತರ ಕೇರಿಯವರಿಗೆ ಒಳಗೆ ಜಾಗ ಸಿಗುತ್ತಿತ್ತಾ? ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟರೂ ಆಯಿತು. ಊರಿನ ಹೆಸರು, ವರ್ಷ ಹಾಕುವುದನ್ನು ಮಾತ್ರ ಮರೆಯಬೇಡಿ.

ನಮಸ್ಕಾರ.