ಕಂಸಾಳೆ: ಕುಣಿತಕ್ಕೆ ತಾಳದ ಹೆಸರು

ಈಗ ನೀವು ನೋಡುತ್ತಿರುವುದು ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟ. ‘ಉಘೇ ಮಾದಪ್ಪ’ ಅನ್ನುವ ಕೂಗಿನ ಜೊತೆ ಝಣ್ ಝಣ್ ಅಂತ ಕೇಳುತ್ತಿದೆಯಲ್ಲ, ಅದು ಕಂಸಾಳೆ.

ಡೊಳ್ಳು ಕುಣಿತ, ಪಟ ಕುಣಿತ, ಪೂಜಾ ಕುಣಿತ ಅಂತೀವಿ. ಇದಕ್ಕೆ ಮಾತ್ರ ಯಾರೂ ‘ಕಂಸಾಳೆ ಕುಣಿತ’ ಅಂತ ಜಾಸ್ತಿ ಹೇಳುವುದಿಲ್ಲ. ಬರೀ ಕಂಸಾಳೆ. ಯಾಕೆ?

ಕೃಷ್ಣನ ಮಾವ ಕಂಸನಿಗೂ ಇದಕ್ಕೂ ಸಂಬಂಧ ಇಲ್ಲ, ಪಾಪ! ಸಂಸ್ಕೃತದಲ್ಲಿ ಕಾಂಸ್ಯ ಅಂದರೆ ಕಂಚು. ಕಾಂಸ್ಯತಾಳ, ಅಂದರೆ ಕಂಚಿನ ತಾಳ. ಅದೇ ಜನರ ಬಾಯಲ್ಲಿ ಸವೆದು ಕಂಸಾಳೆ ಆಯಿತು ಅನ್ನುತ್ತಾರೆ. ಒಟ್ಟಿನಲ್ಲಿ ಇದು ವಾದ್ಯದ ಹೆಸರು.

ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಎಡಗೈಯಲ್ಲಿ ಇರುವುದು ಬಟ್ಟಲಿನ ಹಾಗಿದೆ, ಅಂಗೈಯಲ್ಲಿ ಕೂರುತ್ತದೆ. ಬಲಗೈಯದು ಚಪ್ಪಟೆ ತಟ್ಟೆ. ನಡುವೆ ಉಬ್ಬಿದೆ, ಅಲ್ಲಿಂದ ದಾರ ಹೊರಟಿದೆ, ತುದಿಯಲ್ಲಿ ಗೊಂಡೆ. ಈ ದಾರದ ಮೇಲೇ ಎಲ್ಲ ನಿಂತಿದೆ.

ಇದನ್ನು ಹಿಡಿಯುವವರು ದೇವರಗುಡ್ಡರು. ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದವರು. ಮನೆಮನೆಗೆ ಹೋಗಿ ಭಿಕ್ಷೆ ಬೇಡುತ್ತಾ, ಮಾದಪ್ಪನ ಕಥೆ ಹಾಡುವುದು ಅವರ ಹರಕೆ. ಕಥೆ ಅಂದರೆ ಚಿಕ್ಕದಲ್ಲ, ರಾತ್ರಿಗಟ್ಟಲೆ ಹಾಡಬಹುದು. ಅಲ್ಲಿ ಹಾಡೇ ಮುಖ್ಯ, ಕಂಸಾಳೆ ಇರುವುದು ತಾಳಕ್ಕೆ. ಕುಣಿತ ಅನ್ನುವ ಮಾತು ಹೆಸರಿಗೆ ಅಂಟದೇ ಇರುವುದಕ್ಕೆ ಇದೇ ಕಾರಣ ಇರಬೇಕು ಅಂತ ನನ್ನ ಲೆಕ್ಕ.

ಕುಣಿಯುವಾಗ ಹೆಸರಿನ ಮುಂದೆ ಒಂದು ಪದ ಸೇರುತ್ತದೆ: ಬೀಸು ಕಂಸಾಳೆ. ಕವಣೆ ಬೀಸುತ್ತೀವಲ್ಲ, ಆ ಬೀಸು. ದಾರ ಹಿಡಿದು ತಟ್ಟೆಯನ್ನು ತಲೆ ಮೇಲೆ, ಬೆನ್ನ ಹಿಂದೆ ತಿರುಗಿಸಿ ತಂದು ಬಟ್ಟಲಿಗೆ ಬಡಿಯುತ್ತಾರೆ. ಒಮ್ಮೊಮ್ಮೆ ಪಕ್ಕದವನ ಬಟ್ಟಲಿಗೆ! ಕೂತು, ಮಂಡಿಯೂರಿ, ನೆಲದ ಮೇಲೆ ಮಲಗಿಕೊಂಡೂ ಬೀಸುತ್ತಾರೆ. ಒಬ್ಬ ಅರೆಕ್ಷಣ ತಪ್ಪಿದರೂ ಕಂಚು ಬಡಿಯುವುದು ಪಕ್ಕದವನ ಹಲ್ಲಿಗೇ.

ಈಗ ಕೆಲವು ವೇದಿಕೆಗಳಲ್ಲಿ ಹಾಡು ಸ್ಪೀಕರ್‌ನಿಂದ ಬರುತ್ತದೆ, ಹುಡುಗರು ಸುಮ್ನೆ ಬೀಸುತ್ತಾರೆ. ಕಣ್ಣಿಗೆ ಚೆನ್ನಾಗಿಯೇ ಇರುತ್ತದೆ, ನನಗೆ ಮಾತ್ರ ರುಚಿಸುವುದಿಲ್ಲ. ಹಾಡುವವನೇ ಬೀಸಬೇಕು, ಅಲ್ವಾ?

ಮುಂದಿನ ತುಣುಕಿನಲ್ಲಿ ನಾನು ಮಾತಾಡುವುದಿಲ್ಲ. ಹೆಡ್‌ಫೋನ್ ಹಾಕಿದ್ದರೆ ಸೌಂಡ್ ಸ್ವಲ್ಪ ಕಮ್ಮಿ ಮಾಡಿಕೊಳ್ಳಿ.